ಥರ್ಮಾಕೋಲ್ ಪೆಟ್ಟಿಗೆಯೊಳಗಿನ ಏಡಿ

ನಮ್ಮ ಪಶು ಚಿಕಿತ್ಸಾಲಯದ ಹೊರರೋಗಿಗಳ ಪುಸ್ತಕದಲ್ಲಿ ಪ್ರಾಣಿಯ ಜಾತಿ ಬರೆಯಲು ಒಂದು ಅಂಕಣವಿದೆ. ದನ, ಎಮ್ಮೆ, ಆಡು, ನಾಯಿ, ಬೆಕ್ಕು, ಕೋಳಿ, ಇಷ್ಟರಲ್ಲಿ ನಮ್ಮ ಕೆಲಸ ಮುಗಿಯುತ್ತದೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಆ ಅಂಕಣದ ಮೇಲೆ ಪೆನ್ನು ಹಿಡಿದು ಸುಮಾರು ಹೊತ್ತು ಕುಳಿತಿದ್ದೆ. ಎದುರಿಗೆ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬ, ಡಬ್ಬದೊಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ನಿಂಬೆಹಣ್ಣಿನ ಗಾತ್ರದ ಒಂದು ಶಂಖ. ಶಂಖದೊಳಗೆ ರೋಗಿ.

ಡಬ್ಬ ತಂದವರು ಗಂಗೊಳ್ಳಿಯ ಒಬ್ಬ ಹೆಂಗಸು. ನಲವತ್ತೈದರ ಆಸುಪಾಸು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ತಲ್ಲೂರಿನ ರಸ್ತೆ ಬದಿಯಲ್ಲಿ ಕುಳಿತು ಮಾರುತ್ತಾರೆ. ಅವರ ಖಾಲಿ ಬುಟ್ಟಿ ನಮ್ಮ ಬಾಗಿಲ ಹೊರಗಿತ್ತು.

"ಎಂತ ಇದ್?" ಎಂದೆ.

"ಶಂಖದ ಏಡಿ ಅಮ್ಮ. ನಾಕ್ ದಿನ ಆಯ್ತ್, ಎಂತದೂ ತಿಂತಿಲ್ಲೆ. ಮುಟ್ಟಿರೆ ಒಳ್ಗ್ ಎಳ್ಕಂಬುದೂ ಇಲ್ಲೆ."

"ನೀವ್ ದಿನಾ ಬುಟ್ಟಿಗಟ್ಲೆ ಏಡಿ ಮಾರುದಲ್ದಾ? ಇದೊಂದಕ್ಕ್ ಮದ್ದ್ ಎಂತಕ್ಕೆ?"

ನನಗೆ ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡುವ ಕೆಟ್ಟ ಚಾಳಿ ಇದೆ. ಅವರು ನಗಲಿಲ್ಲ. "ಅದ್ ಸಾರಿಗೆ. ಇದ್ ನಮ್ಮನಿಯೋರ್ದ್" ಎಂದರು.

ಆಮೇಲೆ ಹೇಳಿದರು. ಗಂಡ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೋಟಿನಲ್ಲಿ ದುಡಿದವರು. ಡಿಸೆಂಬರಿನಲ್ಲಿ ಬಲೆ ಎಳೆಯುವಾಗ ವಿಂಚ್ ಯಂತ್ರದ ಹಗ್ಗಕ್ಕೆ ಬಲಗೈ ಸಿಕ್ಕಿ ಎರಡು ಬೆರಳು ಹೋಯಿತು. ಉಳಿದ ಬೆರಳುಗಳು ಬಗ್ಗುವುದಿಲ್ಲ. ಆಸ್ಪತ್ರೆಯಿಂದ ಬಂದು ಸ್ವಲ್ಪ ದಿನ ಕಡಲ ಬದಿಯ ಕೋಡಿ ಊರಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು. ಅಲ್ಲಿ ದಂಡೆಯ ಮೇಲೆ ಕುಳಿತಿದ್ದಾಗ ಈ ಏಡಿ ಅವರ ಕಾಲಿನ ಮೇಲೆ ಹತ್ತಿತಂತೆ. ಮನೆಗೆ ತಂದರು. ದೋಸ್ತ ಎಂದು ಕರೆಯುತ್ತಾರೆ. ದಿನವಿಡೀ ಮಂಚದಲ್ಲಿರುವ ಮನುಷ್ಯ ಎದ್ದು ಓಡಾಡುವುದು, ಬಾಯಿ ಬಿಟ್ಟು ಮಾತಾಡುವುದು ಅದರ ಹೆಸರಿನಲ್ಲಿ ಮಾತ್ರ. ಬೋಟಿನ ಮಾಲೀಕರು ಎರಡು ಸಲ ಹೇಳಿ ಕಳುಹಿಸಿದ್ದಾರೆ, ದಡದಲ್ಲಿ ಬಲೆ ಕೆಲಸ ನೋಡಿಕೊಳ್ಳಲಿ ಎಂದು. 'ಕೈ ಸಮ ಆದ್ಮೇಲೆ ಬೋಟಿಗೇ ಹೋಪುದ್' ಎಂದು ಇವರ ಉತ್ತರ.

"ಇದ್ ಸತ್ರೆ ಅವ್ರ್ ಮತ್ತೆ ಏಳುದಿಲ್ಲೆ ಅಮ್ಮ. ನಂಗೆ ಗೊತ್ತಿತ್ತ್."

ಪಶುವೈದ್ಯಕೀಯ ಓದಿದ ಐದು ವರ್ಷಗಳಲ್ಲಿ ನಾನು ಏಡಿಯನ್ನು ನೋಡಿದ್ದು ಹಾಸ್ಟೆಲಿನ ಊಟದಲ್ಲಿ, ಅದೂ ಪಕ್ಕದವರ ತಟ್ಟೆಯಲ್ಲಿ. ನಮ್ಮದು ಬ್ರಹ್ಮಾವರದ ಪಕ್ಕಾ ಸಸ್ಯಾಹಾರಿ ಮನೆ. ಏನು ನೋಡಬೇಕೆಂದೇ ತಿಳಿಯದೆ ಎಲ್ಲವನ್ನೂ ನೋಡಿದೆ. ಶಂಖ ಸಮೇತ ತೂಗಿದಾಗ ನಲವತ್ತೊಂದು ಗ್ರಾಂ. ಮೀಸೆ ಅಲುಗುತ್ತಿಲ್ಲ. ಕಣ್ಣಿನ ಕಡ್ಡಿಗಳು ಜೋತು ಬಿದ್ದಿವೆ. ಎಡಗಡೆ ಇರಬೇಕಾದ ದೊಡ್ಡ ಕೊಂಬಿನ, ಅಂದರೆ ಇಕ್ಕಳದಂಥ ಕೈಯ, ಜಾಗ ಖಾಲಿ. ಕೇಳಿದರೆ ಆಕೆ ಸೆರಗಿನ ಗಂಟಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ನೇರಳೆ ಬಣ್ಣದ ಕೊಂಬು.

"ನಿನ್ನೆ ಬಿದ್ದದ್ದ್. ಅಂಟ್ಸುಕ್ ಆತ್ತಾ?"

ಆಗುವುದಿಲ್ಲ ಎಂದೆ. ಆದರೆ ಹಾಗೆ ಕಳುಹಿಸಲು ಮನಸ್ಸು ಬರಲಿಲ್ಲ. ಹಾಲು ಬತ್ತಿದ ದನದ ಮನೆಯವರಿಗೆ, ಕಾಲು ಮುರಿದ ನಾಯಿಯ ಮನೆಯವರಿಗೆ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿ ಬಾಯಿಗೆ ಬಂತು. "ಹೆದ್ರ್‌ಬ್ಯಾಡಿ, ಸಮ ಆತ್ತ್."

ಪುಸ್ತಕದಲ್ಲಿ 'ಇತರೆ' ಎಂದು ಬರೆದೆ.

ಏಡಿ, ಸಿಗಡಿಗಳನ್ನೇ ಓದಿಕೊಂಡ ಒಬ್ಬ ಉಪನ್ಯಾಸಕಿ ನನಗೆ ಪರಿಚಯ. ಅವಳಿಗೆ ಫೋನ್ ಮಾಡಿದೆ. ನಾನು ಔಷಧಿಯ ಹೆಸರು ಕೇಳಿದರೆ ಅವಳು ನನಗೇ ಪ್ರಶ್ನೆಗಳನ್ನು ಕೇಳಿದಳು. ಮರಳು ಎಷ್ಟು ಆಳವಿದೆ? ಗಾಳಿಯಲ್ಲಿ ತೇವ ಎಷ್ಟು? ಉಪ್ಪು ನೀರು, ಸಿಹಿ ನೀರು ಎರಡೂ ಇಟ್ಟಿದ್ದಾರಾ? ಕುಡಿಯುವ ನೀರು ನಲ್ಲಿಯದಾ, ಬಾವಿಯದಾ? ನಾನು ಪ್ರಶ್ನೆಗಳನ್ನೇ ಬರೆದುಕೊಂಡೆ.

"ನೋಡು, ಇದಕ್ಕೆ ಮದ್ದು ಅಂತ ಇಲ್ಲ. ಅದು ಇರುವ ಜಾಗ ಸರಿ ಮಾಡು. ಉಳಿದದ್ದು ಅದೇ ಮಾಡಿಕೊಳ್ಳುತ್ತೆ" ಎಂದಳು.

ಮರುದಿನ ಸಂಜೆ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಗಂಗೊಳ್ಳಿಗೆ ಹೋದೆ. ಅದು ನನ್ನ ವ್ಯಾಪ್ತಿಯ ಊರೇ ಅಲ್ಲ. ಬಂದರಿಗೆ ಹೋಗುವ ದಾರಿಯಲ್ಲಿ, ಐಸ್ ಪ್ಲಾಂಟಿಗೆ ನಾಲ್ಕು ಮನೆ ಆಚೆ ಅವರ ಹೆಂಚಿನ ಮನೆ. ಜಗಲಿಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ. ಅದರೊಳಗೆ ಮೂರು ಬೆರಳು ಮರಳು, ಒಂದು ಚಿಪ್ಪಿನಲ್ಲಿ ನೀರು, ಮೂಲೆಯಲ್ಲಿ ನಮ್ಮ ರೋಗಿ. ಪಕ್ಕದ ಮಂಚದಲ್ಲಿ ಗಂಡ. ಉದ್ದನೆಯ ಆಳು, ಬಲಗೈಗೆ ಟವೆಲ್ ಸುತ್ತಿಕೊಂಡಿದ್ದರು.

"ಬೆಳ್ಗಾತ ಚೂರ್ ಹಂದಾಡ್ತ. ಮಧ್ಯಾಹ್ನಕ್ಕೆ ಮತ್ತೆ ಬೀಳ್ತ" ಎಂದರು, ದೋಸ್ತನ ವಿಷಯ.

ನಾನು ಹಣೆಯ ಬೆವರು ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದೆ. "ಈ ಸೆಕಿ ನಮ್ಗೇ ತಡುಕಾತಿಲ್ಲೆ, ಅದ್ಕೆಂತ ಮಾಡುದ್?" ಹೇಳಿದ್ದನ್ನು ಅಲ್ಲೇ ಮರೆತೂ ಬಿಟ್ಟೆ. ಅವರು ಮರೆಯಲಿಲ್ಲ.

ಉಪನ್ಯಾಸಕಿ ಹೇಳಿದಂತೆ ಒಂದೊಂದೇ ಮಾಡಿದೆವು. ಕೋಡಿಯ ಅಕ್ಕನ ಮನೆಯವರು ಎರಡು ಚೀಲ ಮರಳು ಕಳುಹಿಸಿದರು. ಅದಕ್ಕೆ ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಉಪ್ಪು ನೀರು ಹಾಕಿ, ಒಂದು ಗೇಣು ಆಳಕ್ಕೆ ತುಂಬಿದೆವು. ಬಂದರಿನ ನೀರಿನಲ್ಲಿ ಡೀಸೆಲ್ ಇರುತ್ತದೆ, ಬೇಡ ಎಂದೆ. ಕಡಲಿನ ನೀರನ್ನೂ ಕೋಡಿಯಿಂದಲೇ ತರಿಸಿದರು. ಕುಡಿಯಲು ಬಾವಿಯ ನೀರು. ತಿನ್ನಲು ಕಾಯಿಚೂರು, ಬೇಯಿಸಿದ ಮೊಟ್ಟೆ, ಮೊಟ್ಟೆಯ ಸಿಪ್ಪೆಯ ಪುಡಿ, ಉಪ್ಪು ಹಾಕದ ಒಣ ಸಿಗಡಿ. ನಾನು ಒಂದು ಹಳೆ ಡೈರಿಯಲ್ಲಿ ಬರೆಯತೊಡಗಿದೆ. ಬೆಳಿಗ್ಗೆ ಎಂಟೂವರೆಗೆ ಗಂಡ ಫೋನಿನಲ್ಲಿ ಹೇಳುತ್ತಿದ್ದರು, ಎರಡು ದಿನಕ್ಕೊಮ್ಮೆ ಸಂಜೆ ನಾನೇ ಹೋಗಿ ನೋಡುತ್ತಿದ್ದೆ.

ಡೈರಿ ನೋಡಿದರೆ ತಲೆಬುಡ ತಿಳಿಯುವಂತಿರಲಿಲ್ಲ. ಬೆಳಿಗ್ಗೆ ಮೀಸೆ ಅಲ್ಲಾಡಿಸಿತು, ಎರಡು ಹೆಜ್ಜೆ ನಡೆಯಿತು, ಕಾಯಿಚೂರು ಮುಟ್ಟಿತು. ಸಂಜೆ ಹೋದರೆ ಹೆಣದಂತೆ ಬಿದ್ದಿದೆ. ಮರುದಿನ ಬೆಳಿಗ್ಗೆ ಮತ್ತೆ ಅಲ್ಲಾಡುತ್ತದೆ, ಸಂಜೆಗೆ ಮತ್ತೆ ಇಲ್ಲ. ಕಾಯಿಲೆ ಎಂದಮೇಲೆ ಏರಬೇಕು ಇಲ್ಲವೇ ಇಳಿಯಬೇಕು. ಇದು ಕಚೇರಿಗೆ ಹೋಗುವವರ ಹಾಗೆ ದಿನಾ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ಉಣ್ಣಿಯಂಥ ಹುಳ ಇರಬಹುದೆಂದು ಭೂತಗನ್ನಡಿ ಹಿಡಿದು ಹುಡುಕಿದೆ, ಇರಲಿಲ್ಲ. ಮೊಟ್ಟೆ ಕೊಡುವುದು ನಿಲ್ಲಿಸಿ ನೋಡಿದೆ. ಸಿಗಡಿ ನಿಲ್ಲಿಸಿ ನೋಡಿದೆ. ಮಧ್ಯಾಹ್ನದ ಬಿಸಿಯೇ ಕಾರಣವೆಂದು ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹೊದಿಸಲು ಹೇಳಿದೆ. ಮರುದಿನ ಒಂದು ಕಾಲೂ ಉದುರಿತು.

ಮರಳಿನ ಒಂದು ಮೂಲೆ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಒದ್ದೆ ಇರುವುದನ್ನು ಕಂಡಿದ್ದೆ. ನೀರು ಜಾಸ್ತಿ ಚಿಮುಕಿಸುತ್ತಾರೆ ಎಂದುಕೊಂಡೆ. ಕಂಡದ್ದನ್ನು ಕೇಳದೇ ಬಿಡುವುದು ವೈದ್ಯರಿಗೆ ಹೇಳಿದ್ದಲ್ಲ. ನಾನು ಬಿಟ್ಟೆ.

ಹನ್ನೊಂದನೆಯ ದಿನ ಒಂದು ಉಪಾಯ ಹೊಳೆಯಿತು. ನಮ್ಮಲ್ಲಿ ಲಸಿಕೆ ಇಡುವ ಫ್ರಿಜ್‌ಗೆ ಒಂದು ಥರ್ಮಾಮೀಟರ್ ಇರುತ್ತದೆ. ದಿನದಲ್ಲಿ ಅತಿ ಹೆಚ್ಚು ಎಷ್ಟು ಬಿಸಿಯಾಯಿತು, ಅತಿ ಕಡಿಮೆ ಎಷ್ಟಾಯಿತು, ಎರಡನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಹೆಚ್ಚುವರಿಯಾಗಿದ್ದ ಒಂದನ್ನು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ ಬಂದೆ. ಮಧ್ಯಾಹ್ನ ಮೂವತ್ತೆಂಟೋ ನಲವತ್ತೋ ತೋರಿಸುತ್ತದೆ, ಅಲ್ಲಿಗೆ ರೋಗ ಸಿಕ್ಕಿದ ಹಾಗೆ ಎಂದು ನನ್ನ ಲೆಕ್ಕ. ಮರುದಿನ ಸಂಜೆ ನೋಡಿದರೆ ಹೆಚ್ಚು ಮೂವತ್ತೊಂದು. ಕಡಿಮೆ ಹದಿನಾಲ್ಕು.

ಕರಾವಳಿಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಹದಿನಾಲ್ಕು ಡಿಗ್ರಿ. ನಾನು ಇಂಗು ತಿಂದ ಮಂಗನಂತಾದೆ. ಥರ್ಮಾಮೀಟರ್ ಹಾಳಾಗಿದೆ ಎಂದು ವಾಪಸು ತಂದು ಫ್ರಿಜ್ಜಿನೊಳಗೆ ಇನ್ನೊಂದರ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ತೋರಿಸಿದವು. ಆದರೂ ಅನುಮಾನ ಹೋಗದೆ ಇನ್ನೊಂದನ್ನೇ ಒಯ್ದು ಅಂಟಿಸಿದೆ. ಅದು ಹದಿಮೂರು ತೋರಿಸಿತು. ನಮ್ಮ ಆಸ್ಪತ್ರೆಯ ಸಹಾಯಕರಿಗೆ ಹೇಳಿದರೆ, "ಅಮ್ಮ, ಅವ್ರ ಮನಿಯೊಳ್ಗ್ ಹಿಮಾಲಯ ಇತ್ತಾ ಎಂತ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದರ ಮಾರನೆಯ ದಿನ ಬೈಂದೂರು ಕಡೆ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಕೆಲಸವಿತ್ತು. ಹನ್ನೊಂದಕ್ಕೇ ಮುಗಿಯಿತು. ಹಿಂತಿರುಗುವಾಗ ಹೆದ್ದಾರಿ ಬಿಟ್ಟು ಗಂಗೊಳ್ಳಿಗೆ ತಿರುಗಿದೆ. ಅಷ್ಟು ದಿನದಲ್ಲಿ ಮಧ್ಯಾಹ್ನದ ಹೊತ್ತು ಆ ಮನೆಗೆ ಹೋದದ್ದು ಅದೇ ಮೊದಲು. ಹೆಂಡತಿ ಇನ್ನೂ ಮೀನು ಮಾರಿ ಬಂದಿರಲಿಲ್ಲ. ಮಂಚ ಖಾಲಿ. ನಾನು ಜಗಲಿಯಲ್ಲಿ ನಿಂತಿದ್ದಾಗ ಗಂಡ ರಸ್ತೆಯಲ್ಲಿ ಬರುತ್ತಿದ್ದರು. ಎಡಗೈಯಲ್ಲಿ ಬಕೆಟ್. ಬಕೆಟ್ ತುಂಬ ಪುಡಿ ಐಸ್.

ನನ್ನನ್ನು ಕಂಡು ಮುಖ ಅರಳಿತು. ಆ ಮುಖ ಅರಳಿದ್ದನ್ನು ನಾನು ನೋಡಿದ್ದು ಆಗಲೇ. ಬಲಗೈಯ ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತರು. ಎಡಗೈಯಿಂದ ಐಸನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಗ್ಗದ ಬಲಗೈಯಿಂದ ಒತ್ತಿ ಹಿಡಿದು, ಹಲ್ಲಿನಿಂದ ಗಂಟು ಹಾಕಿದರು. ಚೀಲವನ್ನು ಪೆಟ್ಟಿಗೆಯ ಮೂಲೆಯಲ್ಲಿಟ್ಟು ಏಡಿಯನ್ನು ಅದಕ್ಕೆ ತಾಗಿಸಿ ಕೂರಿಸಿದರು. ಮೇಲಿಂದ ನಾನು ಹೇಳಿದ ಒದ್ದೆ ಗೋಣಿ. ಅಷ್ಟು ಅಚ್ಚುಕಟ್ಟಾದ ಕೆಲಸ.

"ಎಂತ ಮಾಡ್ತಿದ್ರಿ?" ನನ್ನ ಧ್ವನಿ ಏರಿತ್ತು.

"ದಿನಾ ಹಾಕ್ತೆ ಅಮ್ಮ. ಸಂಜಿಗೆ ಕರ್ಗಿರೆ ಚೀಲ ತೆಗಿತೆ. ಸೆಕಿ ತಡುಕಾತಿಲ್ಲೆ ಅಂದೇಳಿ ನೀವೇ ಹೇಳಿರ್ ಅಲ್ದಾ. ಅದ್ಕೂ ಮುಂಚೆ ಎರಡ್ ದಿನಕ್ಕ್ ಒಂದ್ಸಲ ಹಾಕ್ತಿದ್ದೆ. ಕಡ್ಲಂದ್ ಬಂದದ್ದ್ ಬಾಡಿರೆ ಐಸ್ ಹಾಕುದಲ್ದಾ?"

ಬೋಟಿನ ತಳದಲ್ಲಿ ಐಸಿನ ಹದ ನೋಡಿ ಮೀನು ತುಂಬುವುದೇ ಅವರ ಇಷ್ಟು ವರ್ಷದ ಕೆಲಸವಾಗಿತ್ತು. ಗಂಡ ಐಸ್ ಹಾಕುವುದು ಹೆಂಡತಿಗೂ ಗೊತ್ತಿತ್ತು. ನಾನು ಏನೇನು ಹಾಕುತ್ತೀರಿ ಎಂದು ಕೇಳಿದಾಗ ಹೇಳಬೇಕೆಂದು ಇಬ್ಬರಿಗೂ ತೋಚಲೇ ಇಲ್ಲ. ಉಸಿರಾಡುತ್ತೀರಾ ಎಂದು ಕೇಳಿದರೆ ಹೇಳುವುದೇನಿದೆ, ಹಾಗೆ. ಇದೆಲ್ಲ ಈಗ ತಿಳಿಯುತ್ತದೆ. ಆಗ ನನಗೆ ಎರಡು ವಾರದ ಗೊಂದಲ, ಬಿಸಿಲು, ಮುಂಜಾನೆ ಐದರಿಂದ ದನಗಳ ಹಿಂದೆ ಓಡಿದ ಸುಸ್ತು ಎಲ್ಲ ಸೇರಿ ಸಿಟ್ಟಾಗಿ ಬಂತು.

"ಅದ್ ಸತ್ತ ಮೀನಿಗೆ! ಜೀವ ಇಪ್ಪುದಕ್ಕಲ್ಲ. ಇಷ್ಟ್ ದಿನ ನೀವೇ ನಿಮ್ಮ್ ಕೈಯಾರೆ ಇದನ್ನ್ ಕೊಲ್ತಾ ಇದ್ದದ್ದ್!"

ಅವರು ನನ್ನ ಮುಖ ನೋಡಿದರು. ಚೀಲ ತೆಗೆದು ಬಕೆಟ್ಟಿಗೆ ಹಾಕಿದರು. ಟವೆಲ್ ಮತ್ತೆ ಕೈಗೆ ಸುತ್ತಿಕೊಂಡು ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ನಾನು ಶಾಲೆಯಲ್ಲಿ ಹತ್ತು ಸಲ ಕಾಪಿ ಬರೆದಿದ್ದೇನೆ. ಅಕ್ಷರ ದುಂಡಗಾಯಿತು, ಅಷ್ಟೇ.

ಎರಡು ದಿನದ ನಂತರ ಹೆಂಡತಿ ಚಿಕಿತ್ಸಾಲಯಕ್ಕೆ ಬಂದರು. ಬುಟ್ಟಿ ಇಳಿಸಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು, "ಊಟ ಮಾಡ್ತಿಲ್ಲೆ. ಪೆಟ್ಗಿ ಬದಿಗೂ ಹೋತಿಲ್ಲೆ. ಕರೆದ್ರೆ ಓಗೊಡುದೂ ಇಲ್ಲೆ. ನಿಮ್ಗೆ ಏಡಿದ್ ಮಾತ್ರ ಜೀವವಾ ಅಮ್ಮ?"

ಹರಕೆ ಹೊತ್ತವಳಂತೆ ಆ ಸಂಜೆಯೇ ಹೋದೆ. ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅವರ ಬೆನ್ನಿಗೆ ಹೇಳಿದೆ, "ಸೆಕಿ ಅಂದೇಳಿ ಹೇಳಿದ್ದ್ ನಾನ್. ಗೋಣಿ ಹಾಕುಕ್ ಹೇಳಿದ್ದೂ ನಾನ್. ಒದ್ದಿ ಕಂಡೂ ಕೇಂಬುಕ್ ಆಯ್ಲಿಲ್ಲೆ. ನಿಮ್ಮೊಬ್ರ್ ತಪ್ಪಲ್ಲ." ಅವರು ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತ, "ಈ ಕೈ ಬೋಟಿಗೂ ಆಯ್ಲಿಲ್ಲೆ, ಇದ್ಕೂ ಆಯ್ಲಿಲ್ಲೆ" ಎಂದರು. ನನಗೆ ಅಳು ಬಂತು. ಏಡಿಯ ಕಡೆ ಬಗ್ಗಿ ಮುಖ ಮುಚ್ಚಿಕೊಂಡೆ.

ಐಸ್ ನಿಂತ ಮೂರನೆಯ ದಿನಕ್ಕೆ ಏಡಿ ಸಂಜೆಯೂ ಅಲ್ಲಾಡಿತು. ಐದನೆಯ ದಿನ ಇಡೀ ಮೊಟ್ಟೆಯ ಹಳದಿ ತಿಂದಿತು. ಎಂಟನೆಯ ದಿನ ಕಾಣೆಯಾಯಿತು.

ಬೆಕ್ಕು ಒಯ್ದಿತೇ ಎಂದು ಹೆಂಡತಿ ಮನೆಯೆಲ್ಲ ಹುಡುಕಿ, ಕೊನೆಗೆ ಮರಳಿನಲ್ಲಿ ಸಣ್ಣ ಗುಂಡಿ ಕಂಡು ಫೋನ್ ಮಾಡಿದರು. ನಾನು ಉಪನ್ಯಾಸಕಿಗೆ ಮಾಡಿದೆ. ಅವಳು ಖುಷಿಯಾದಳು. ಹಳೆಯ ಸಿಪ್ಪೆ ಕಳಚಿ ಹೊಸದು ಬೆಳೆಸಿಕೊಳ್ಳಲು ಒಳಗೆ ಇಳಿದಿರಬೇಕು, ಒಂದರಿಂದ ಎರಡು ತಿಂಗಳು ಬೇಕು, ಈಗ ಅದರ ಮೈ ಬೆಣ್ಣೆಯಷ್ಟು ಮೆತ್ತಗೆ, ಅಗೆದರೆ ಸತ್ತೇ ಹೋಗುತ್ತದೆ ಎಂದಳು. ಬಿದ್ದ ಕೊಂಬು, ಕಾಲು ಕೂಡ ಈ ಹೊತ್ತಿನಲ್ಲಿ ಮತ್ತೆ ಮೊಳೆಯುತ್ತವಂತೆ.

"ಒಳಗೇ ಸತ್ತಿದ್ದರೆ ಹೇಗೆ ಗೊತ್ತಾಗುತ್ತೆ?"

"ಕೊಳೆತ ಮೀನಿನ ವಾಸನೆ ಬರುತ್ತೆ. ಬಂದರೆ ತೆಗೆದುಬಿಡು."

"ನಾನು ಹೇಳುತ್ತಿರುವುದು ಗಂಗೊಳ್ಳಿಯ ಮೀನು ಮಾರುವವರ ಮನೆಯ ಜಗಲಿ ಮಾರಾಯ್ತಿ" ಎಂದೆ.

ಕೊಂಬು ಮೊಳೆಯುವ ವಿಷಯವನ್ನು ನಾನು ಆ ಮನೆಯಲ್ಲಿ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಬೆರಳು ಹೋದ ಮನುಷ್ಯನ ಮುಂದೆ ಕುಳಿತು ಏಡಿಗೆ ಕೈ ಮತ್ತೆ ಬರುತ್ತದೆ ಎಂದು ಹೇಗೆ ಹೇಳುವುದು? ಹೇಳದಿದ್ದರೆ ಮೋಸವೇ? ಸಿಪ್ಪೆ ಕಳಚುತ್ತಿದೆ, ಮುಟ್ಟಬೇಡಿ ಎಂದಷ್ಟೇ ಹೇಳಿದೆ.

"ಅದ್ ನಂಗೆ ಗೊತ್ತಿದ್ದದ್ದೇ ಅಲ್ದಾ" ಎಂದರು ಹೆಂಡತಿ. "ಸಿಪ್ಪಿ ಬಿಟ್ಟ ಮೆತ್ತನ್ನ ಏಡಿ ಎಷ್ಟ್ ಬತ್ತ್ ಬಲೆಗೆ. ಇದೂ ಹಾಂಗೇ ಅಂದೇಳಿ ಮೊದ್ಲೇ ಹೇಳುಕಾಗ್ದಾ?"

ಮಳೆ ಹಿಡಿಯಿತು. ಜೂನ್ ಬಂತು, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳನ್ನು ಬಂದರಿನಲ್ಲಿ ಸಾಲಾಗಿ ಕಟ್ಟಿದರು. ಮಾಲೀಕರು ಮೂರನೆಯ ಸಲ ಹೇಳಿ ಕಳುಹಿಸಿದರು. ಮಳೆಗಾಲ ಮುಗಿಯುವುದರೊಳಗೆ ಬಲೆಗಳೆಲ್ಲ ಸರಿಯಾಗಬೇಕು, ಗೊತ್ತಿರುವವರು ಒಬ್ಬರು ನಿಂತು ಮಾಡಿಸಬೇಕು ಎಂದು. ಇವರದು ಅದೇ ಉತ್ತರ. ನಾನು ವಾರಕ್ಕೊಮ್ಮೆ ಹೋಗಿ ಖಾಲಿ ಮರಳು ನೋಡಿ ಬರುತ್ತಿದ್ದೆ. ಡೈರಿಯಲ್ಲಿ 'ಕಾಣಲಿಲ್ಲ' ಎಂಬ ಒಂದೇ ಶಬ್ದ. ಅದು ಸತ್ತು, ತನ್ನ ಕೈಯಿಂದಲೇ ಸತ್ತಿತೆಂದು ಈ ಮನುಷ್ಯ ಉಳಿದ ಆಯುಷ್ಯವಿಡೀ ಗೋಡೆ ನೋಡುತ್ತ ಮಲಗಿದರೆ ಎಂಬ ಯೋಚನೆ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ದನಕ್ಕೆ ಸೂಜಿ ಚುಚ್ಚುವಾಗಲೂ ಬರುತ್ತಿತ್ತು.

ಐದನೆಯ ವಾರ ಒಂದು ಮಧ್ಯಾಹ್ನ ಗಂಡನೇ ಫೋನ್ ಮಾಡಿದರು. "ವಾಸ್ನಿ ಬತ್ತಿತ್. ಬನ್ನಿ."

ಹೋದಾಗ ಅವರು ಪೆಟ್ಟಿಗೆಯ ಮುಂದೆ ಕುಳಿತಿದ್ದರು. ಎಡಗೈಯಲ್ಲಿ ಅನ್ನ ಬಡಿಸುವ ಚಮಚ. ಮಂಚ ಬಿಟ್ಟು ಎದ್ದಿದ್ದಾರೆ ಎಂದು ಸಂತೋಷಪಡುವುದೋ, ಎದ್ದ ಕಾರಣಕ್ಕೆ ಹೆದರುವುದೋ ತಿಳಿಯಲಿಲ್ಲ. ನಾನು ಬಗ್ಗಿ ಮೂಸಿದೆ. ನನ್ನ ಮೂಗಿಗೆ ಮೀನಿನ ವಾಸನೆ ಎಂದರೆ ಒಂದೇ. ಆ ಮನೆಯ ಚಾವಡಿ, ರಸ್ತೆ, ಮಳೆ ಎಲ್ಲವೂ ಅದೇ ವಾಸನೆ. ಆದರೆ ಅವತ್ತು ಹೆಚ್ಚಿತ್ತು, ಕೊಳೆತಂತೆಯೂ ಇತ್ತು.

"ಸತ್ತಿದ್ರೆ ಸತ್ತಿತ್ ಅಂದೇಳಿ ಹೇಳಿಬಿಡಿ. ಹೀಂಗ್ ಇಪ್ಪುಕೆ ಆತಿಲ್ಲೆ" ಎಂದು ಚಮಚ ನನ್ನ ಕಡೆ ಚಾಚಿದರು.

ತೆಗೆದುಕೊಂಡೆ. ಉಪನ್ಯಾಸಕಿಯ ಪ್ರಕಾರ ವಾಸನೆ ಬಂದರೆ ಅಗೆಯಬೇಕು. ಬದುಕಿದ್ದರೆ ಈ ಚಮಚವೇ ಕೊಲ್ಲುತ್ತದೆ, ಈ ಸಲ ನನ್ನ ಕೈಯಿಂದ. ಮರಳಿಗೆ ಚಮಚ ತಾಗಿಸಿ ಹಾಗೇ ಕುಳಿತೆ. ಅಷ್ಟರಲ್ಲಿ ಹೆಂಡತಿ ಕೊಡೆ ಮಡಿಸುತ್ತ ಒಳಗೆ ಬಂದರು. ಇಬ್ಬರನ್ನೂ ನೋಡಿದರು. ಏನೂ ಕೇಳದೆ ಮೊಣಕಾಲೂರಿ ಪೆಟ್ಟಿಗೆಯೊಳಗೆ ಮುಖವಿಟ್ಟು ಉಸಿರು ಎಳೆದರು. ಇನ್ನೊಂದು ಸಲ ಎಳೆದರು.

"ಇದ್ ಅದಲ್ಲ. ಇದ್ ಒಣ ಮೀನ್ ನೀರ್ ಕುಡ್ದದ್ದ್. ಎರಡ್ ದಿನದ್ದ್. ಪೆಟ್ಗಿಯೊಳ್ಗಿಂದಲ್ಲ, ಹೆರ್ಗಿಂದ ಬಪ್ಪುದ್."

"ಖಂಡಿತವಾ?" ಎಂದೆ.

"ಹದಿನಾರ್ ವರ್ಷಂದ್ ಮೀನ್ ಮಾರ್ತೆ ಅಮ್ಮ. ನಂಗ್ ಇಷ್ಟೂ ಗೊತ್ತಾತಿಲ್ಯಾ?"

ಎಲ್ಲ ಓದು ಒಂದು ಕಡೆ, ಆಕೆಯ ಮೂಗು ಒಂದು ಕಡೆ. ನಾನು ಚಮಚ ಆಕೆಯ ಕೈಗೆ ಕೊಟ್ಟೆ. "ಅಗೆಯುದ್ ಬ್ಯಾಡ" ಎಂದೆ. ಗಂಡ ನನ್ನನ್ನೇ ನೋಡುತ್ತಿದ್ದರು. "ನಿಮ್ಗೆ ಗೊತ್ತಾತಿಲ್ಯಾ ವಾಸ್ನಿ?" ಎಂದರು. ಇಲ್ಲ ಎಂದೆ. ಮರುದಿನ ಆಕೆಯ ಫೋನ್ ಬಂತು. ಪಕ್ಕದ ಮನೆಯವರ ಹಿಂದಿನ ಕೋಣೆ ಸೋರಿ ಒಣ ಮೀನಿನ ಚೀಲ ನೆನೆದಿತ್ತಂತೆ.

ಅವತ್ತಿನಿಂದ ದಿನಾ ಬೆಳಿಗ್ಗೆ ಮಾರಾಟಕ್ಕೆ ಹೊರಡುವ ಮುಂಚೆ ಆಕೆ ಪೆಟ್ಟಿಗೆ ಮೂಸಿ "ಇಲ್ಲೆ" ಎನ್ನುವುದು, ಗಂಡ ಅದನ್ನು ನನಗೆ ಫೋನಿನಲ್ಲಿ ಹೇಳುವುದು ರೂಢಿಯಾಯಿತು. ಇಲ್ಲೆ ಎಂದರೆ ಸತ್ತ ವಾಸನೆ ಇಲ್ಲ ಎಂದರ್ಥ, ಬದುಕಿದೆ ಎಂದಲ್ಲ. ಹೀಗೆ ಇನ್ನೂ ಎರಡು ವಾರ.

ಜೂನ್ ಕೊನೆಯ ಒಂದು ಬೆಳಿಗ್ಗೆ ಫೋನಿನಲ್ಲಿ ಅವರು ಒಂದೇ ಮಾತು ಹೇಳಿದರು. "ಹೆರ್ಗ್ ಬಂದಿತ್."

ಮಳೆಕೋಟು ಹಾಕಿಕೊಂಡೇ ಜಗಲಿ ಹತ್ತಿದೆ. ಪೆಟ್ಟಿಗೆಯಲ್ಲಿ ಮೊದಲು ಕಂಡದ್ದು ಮರಳಿನ ಮೇಲೆ ಚದುರಿ ಬಿದ್ದ ಕಾಲುಗಳು. "ಅದ್ ಹಳೆ ಸಿಪ್ಪಿ. ಇಲ್ಲ್ ಕಾಣಿ" ಎಂದು ಅವರು ತೋರಿಸಿದರು. ಉಪ್ಪು ನೀರಿನ ಚಿಪ್ಪಿನ ಅಂಚಿನಲ್ಲಿ ಏಡಿ ನಿಂತಿತ್ತು. ಹೊಸ ಬಣ್ಣ, ಮೀಸೆ ನಿಲ್ಲದೆ ಆಡುತ್ತಿತ್ತು. ಎಡಗಡೆ ಒಂದು ಪುಟ್ಟ ಕೊಂಬು, ಬಿಳಿಚಿಕೊಂಡದ್ದು, ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರಿಂದ ನೀರನ್ನು ಮುಟ್ಟಿ ಮುಟ್ಟಿ ಬಾಯಿಗೆ ಒಯ್ಯುತ್ತಿತ್ತು.

ನಾನು ಖುಷಿಯಿಂದ ಏನೋ ಹೇಳಲು ಹೋಗಿ ಅವರ ಮುಖ ನೋಡಿ ನಿಲ್ಲಿಸಿದೆ.

"ಅದ್ಕ್ ಕೈ ಬಂದಿತ್" ಎಂದರು.

"ಹೌದ್."

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತ್. ಹ್ಯಾಂಗ್ ಹೇಳುದಂದೇಳಿ ಗೊತ್ತಾಯ್ಲಿಲ್ಲೆ."

ಅವರು ಟವೆಲ್ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಏಡಿಯನ್ನು ನೋಡಿದರು. "ನಂದ್ ಬಪ್ದಿಲ್ಲೆ ಅಲ್ದಾ ಅಮ್ಮ? ಬೆರ್ಳ್ ಬಿಡಿ. ಉಳ್ದದ್ದೂ ಮೊದ್ಲಿನ್ಹಾಂಗ್ ಆಪ್ದಿಲ್ಲೆ ಅಲ್ದಾ?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಬೇಡ ಎಂದು ನನಗೆ ಕೈಸನ್ನೆ ಮಾಡಿದರು. ಸಮ ಆತ್ತ್ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಐಸಿನ ಚೀಲ ಕಟ್ಟುವಾಗ ಆ ಕೈಯನ್ನು ನಾನು ನೋಡಿದ್ದೆ. ನರ ಕಡಿದು, ಗಂಟು ಬಿಗಿದು ಆರು ತಿಂಗಳು ಕಳೆದ ಕೈ. ಅಂಥದ್ದು ದನದ ಕಾಲಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

"ನಾನ್ ದನಿನ್ ಡಾಕ್ಟ್ರ್" ಎಂದೆ. "ಆದ್ರೂ ಕೇಂಡದ್ದಕ್ಕ್ ಹೇಳ್ತೆ. ಇಲ್ಲೆ. ಮೊದ್ಲಿನ್ಹಾಂಗ್ ಆಪ್ದಿಲ್ಲೆ."

ಎರಡೂವರೆ ತಿಂಗಳಲ್ಲಿ ಆ ಮನೆಯಲ್ಲಿ ನಾನು ಗೊಂದಲವಿಲ್ಲದೆ ಹೇಳಿದ ಮಾತು ಅದೊಂದೇ. ಅವರು ತಲೆಯಾಡಿಸಿದರು.

"ಆರ್ ತಿಂಗ್ಳಾಯ್ತ್. ಆಸ್ಪತ್ರೆಯೋರ್, ನೆಂಟ್ರ್, ನನ್ನ್ ಹೆಂಡ್ತಿ, ಎಲ್ಲರೂ ಸಮ ಆತ್ತ್, ಸಮ ಆತ್ತ್ ಅಂದೇಳಿ ನನ್ನ್ ಈ ಮಂಚದ್ಮೇಲ್ ಕೂರ್ಸಿರ್" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೆಂಡತಿಯ ಕಡೆ ತಿರುಗಿ ಹೇಳಿದರು, "ನನ್ನ್ ನೀಲಿ ಅಂಗಿ ತಾ. ಬಲೆ ಕೆಲ್ಸಕ್ಕ್ ಜನ ಸಿಕ್ಕಿದ್ರಾ ಇಲ್ಯಾ ಕೇಂಡ್ ಬತ್ತೆ."

ಆಕೆ ಅಂಗಿ ತಂದರು. ತೊಡಿಸಲು ಹೋದಾಗ ಅವರು ತಡೆದರು. ಟವೆಲ್ ಬಿಚ್ಚಿ ಮಂಚದ ಮೇಲೆ ಹಾಕಿ, ಬಲಗೈಯನ್ನು ತೋಳಿನೊಳಗೆ ತೂರಿಸಿ, ಎಡಗೈಯಿಂದ ಕೆಳಗಿನ ಗುಂಡಿಯಿಂದ ಶುರು ಮಾಡಿದರು. ಮೊದಲನೆಯದು ಎರಡು ಸಲ ಜಾರಿತು. ಐದು ಗುಂಡಿ ಹಾಕಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಹತ್ತಿರದಲ್ಲೇ ನಿಂತಿದ್ದೆವು, ಯಾರೂ ಕೈ ಹಾಕಲಿಲ್ಲ.